ಆರು ಮಿಲಿಸೆಕೆಂಡಿನ ಹಾದಿ

ಸ್ಮರಣ ಸಂಚಿಕೆಗೆ ಗಡಿನಾಡಿನ ಕನ್ನಡವನ್ನು ಕುರಿತು ಏನಾದರೂ ಬರೆದುಕೊಡಿರೆಂದು ಸಂಘದ ಹಿರಿಯರು ಕೇಳಿದಾಗ ನಾವು ಸಂತೋಷದಿಂದಲೇ ಒಪ್ಪಿಕೊಂಡೆವು. ಬರೆಯಲು ಕುಳಿತಾಗ ತೊಡಕಾಯಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಬೀದರ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದು ಸೀಮೆಗಳೂ ಆಂಧ್ರಪ್ರದೇಶದ ಪಾಲಾದ ಕಥೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿಯೇ ಬರೆದಿರುತ್ತಾರೆ. ನಾವು ಬಲ್ಲದ್ದು ನಮ್ಮ ಮನೆಯ ಕಥೆ. ಅದರಲ್ಲಿ ಕನ್ನಡವೂ ಬರುತ್ತದೆ, ವೈದ್ಯಶಾಸ್ತ್ರವೂ ಬರುತ್ತದೆ. ಸಾಹಿತ್ಯ ಸಮ್ಮೇಳನದ ಸಂಚಿಕೆಗೆ ಇದು ಒಪ್ಪುವುದೋ ಇಲ್ಲವೋ ಸಂಪಾದಕರೇ ತೀರ್ಮಾನಿಸಲಿ.

ನಾವಿರುವುದು ಧಾರೂರಿನಲ್ಲಿ. ಮೂಲ ತಾಂಡೂರಿನ ಆಚೆಯ ಹಳ್ಳಿ. ನೌಕರಿಯ ನಿಮಿತ್ತ ಇಲ್ಲಿಗೆ ಬಂದು ನೆಲೆ ನಿಂತೆವು. ನಮ್ಮಿಬ್ಬರಲ್ಲಿ ಒಬ್ಬರು ಶಾಲೆಯಲ್ಲಿ ವಿಜ್ಞಾನ ಕಲಿಸಿದವರು, ಇನ್ನೊಬ್ಬರು ತೆಲುಗು ಕಲಿಸಿದವರು. ಮನೆಯ ಮಾತು ಕನ್ನಡ, ಅಂಗಡಿಯ ಮಾತು ತೆಲುಗು, ಹಳೆಯ ಹೊಲದ ಕಾಗದಗಳ ಭಾಷೆ ಉರ್ದು. ಈ ಭಾಗದಲ್ಲಿ ಇದು ಯಾರಿಗೂ ವಿಶೇಷವೆನಿಸುವುದಿಲ್ಲ. ಮನೆಯಲ್ಲಿ ಕನ್ನಡವೊಂದನ್ನೇ ಬಲ್ಲವರು ಒಬ್ಬರೇ ಇದ್ದರು. ಅವರು ನಮ್ಮ ಆಯಿ, ಆಗ ಎಂಬತ್ತರ ಹತ್ತಿರದವರು.

2014ರ ಆರಂಭದಲ್ಲಿ ಮೊಮ್ಮಗಳು ಹುಟ್ಟಿದಳು. ನಮ್ಮ ಮನೆ ರೈಲುಹಾದಿಗೆ ಹತ್ತಿರ. 1874ರಲ್ಲಿ ನಿಜಾಮರ ಕಾಲದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ಹಾದಿ ಇದು. ಹಗಲು ರಾತ್ರಿ ಗಾಡಿಗಳು ಹಾಯುತ್ತಲೇ ಇರುತ್ತವೆ. ಸಿಮೆಂಟು ಹೊತ್ತ ಗೂಡ್ಸು ಗಾಡಿ ಕೂಗಿದಾಗ ಮನೆಗೆ ಬಂದ ನೆಂಟರು ಬೆಚ್ಚುವುದುಂಟು. ಕೂಸು ಬೆಚ್ಚಲಿಲ್ಲ. ನಾವು ಅದನ್ನು ರೂಢಿಯೆಂದುಕೊಂಡೆವು, ಗಟ್ಟಿ ಕೂಸು ಎಂದು ಹೆಮ್ಮೆಯಿಂದ ಹೇಳಿಯೂ ಕೊಂಡೆವು. ಮೊದಲು ಸಂಶಯಪಟ್ಟವರು ಆಯಿ. ಒಂದು ದಿನ ಕೂಸಿನ ಬೆನ್ನ ಹಿಂದೆ ಕುಳಿತು ಹಿತ್ತಾಳೆಯ ತಂಬಿಗೆಯನ್ನು ಚಮಚದಿಂದ ಬಾರಿಸಿ, "ನೋಡ್ರಿ, ಹೊಳ್ಳಿ ನೋಡವಲ್ದು ಕೂಸು" ಎಂದರು. ವಿಜ್ಞಾನ ಕಲಿಸುವವರಿಗೆ ಹೊಳೆಯದ ಪ್ರಯೋಗವನ್ನು ಅಕ್ಷರ ಬಾರದವರು ಮಾಡಿ ತೋರಿಸಿದ್ದರು.

ತೋರಿಸಿದ ಮೊದಲ ವೈದ್ಯರು ನಕ್ಕು, ಕೆಲವು ಮಕ್ಕಳು ತಡವಾಗಿ ಮಾತಾಡುತ್ತಾರೆ, ಮೂರು ವರ್ಷದವರೆಗೆ ಕಾಯಿರಿ ಎಂದರು. ನಮಗೂ ಅದೇ ಮಾತು ಬೇಕಾಗಿತ್ತು. ಕಾದೆವು. ಹೀಗೆ ಹೋದ ಹತ್ತು ತಿಂಗಳ ಲೆಕ್ಕ ನಮ್ಮ ಮನಸ್ಸಿನಲ್ಲಿ ಇನ್ನೂ ತೀರಿಲ್ಲ. ಏಕೆಂದರೆ ಶಿಶುವಿನ ಶ್ರವಣದ ವಿಷಯದಲ್ಲಿ ಜಗತ್ತಿನಾದ್ಯಂತ ಒಪ್ಪಿರುವ ಸೂತ್ರವೊಂದಿದೆ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿಖರವಾದ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ. ಮಾತಿಗೆ ಬೇಕಾದ ನರಗಳ ಹೆಣಿಗೆ ಮೊದಲ ಎರಡು ಮೂರು ವರ್ಷಗಳಲ್ಲಿಯೇ ಬಹುಪಾಲು ನಡೆದುಹೋಗುತ್ತದೆ. ದನಿ ತಲುಪದ ಜಾಗವನ್ನು ಮಿದುಳು ಬೇರೆ ಕೆಲಸಕ್ಕೆ ಕೊಟ್ಟುಬಿಡುತ್ತದೆ. ಈ ಸೂತ್ರ ನಮಗೆ ತಿಳಿದಾಗ ಕೂಸಿಗೆ ಎರಡು ವರ್ಷ ತುಂಬಲು ತಿಂಗಳೊಂದೇ ಉಳಿದಿತ್ತು.

ಹೈದರಾಬಾದಿನ ಕೇಂದ್ರವೊಂದರಲ್ಲಿ ಬೇರಾ ಎಂಬ ಪರೀಕ್ಷೆ ಮಾಡಿಸಬೇಕೆಂದರು. ಆಯಿಗೆ ಹೆಸರು ಕೇಳಿಯೇ ಸಿಟ್ಟು ಬಂತು. ನಮ್ಮ ಕಡೆ ಉರ್ದುವಿನ 'ಬಹರಾ' ಬಾಯಲ್ಲಿ ಸವೆದು ಹೆಚ್ಚುಕಡಿಮೆ ಹಾಗೆಯೇ ಕೇಳುತ್ತದೆ, ಅರ್ಥ ಕಿವುಡ. "ಪರೀಕ್ಷಾ ಮಾಡೂದಕ್ಕ ಮೊದಲ ಹೆಸರಿಟ್ಟಾರೇನು?" ಎಂದು ಕೇಳಿದರು. ಅದು ಇಂಗ್ಲಿಷಿನ ಮೊದಲಕ್ಷರಗಳಿಂದಾದ ಹೆಸರು, ಮಿದುಳುಕಾಂಡವು ಶಬ್ದಕ್ಕೆ ಕೊಡುವ ಉತ್ತರವನ್ನು ಅಳೆಯುವ ಪರೀಕ್ಷೆ ಎಂದು ಬಿಡಿಸಿ ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ.

ಮೊದಲ ಸಲ ಹೋದದ್ದು ವ್ಯರ್ಥವಾಯಿತು. ಮಗು ಪರೀಕ್ಷೆಯ ಹೊತ್ತಿಗೆ ಗಾಢವಾಗಿ ಮಲಗಿರಬೇಕು, ಆದ್ದರಿಂದ ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೇಗ ಎಬ್ಬಿಸಿ, ದಾರಿಯಲ್ಲಿ ನಿದ್ದೆ ಮಾಡಗೊಡದೆ ಕರೆತನ್ನಿ ಎಂದಿದ್ದರು. ರೈಲಿನ ತೂಗಾಟಕ್ಕೆ ವಿಕಾರಾಬಾದು ದಾಟುವಷ್ಟರಲ್ಲಿ ಕೂಸು ಮಲಗಿತು. ಸೊಸೆ ಮುಖಕ್ಕೆ ನೀರು ಹಚ್ಚಿದಳು, ಮಗ ಎತ್ತಿಕೊಂಡು ಡಬ್ಬಿಯುದ್ದಕ್ಕೂ ಓಡಾಡಿದ. ಏನೂ ಸಾಗಲಿಲ್ಲ. ಅಲ್ಲಿಗೆ ತಲುಪಿದಾಗ ನಿದ್ದೆ ಮುಗಿಸಿ ಎದ್ದು ಕುಳಿತ ಕೂಸಿಗೆ ನಿದ್ದೆಯ ಔಷಧ ಕುಡಿಸಿದರೂ ಅದು ಕಣ್ಣು ಮುಚ್ಚಲಿಲ್ಲ. ಮೂರು ಗಂಟೆ ಕಾದು ಮರಳಿದೆವು. ಎರಡನೆಯ ಸಲ ರಾತ್ರಿಯೇ ಹೋಗಿ ನೆಂಟರ ಮನೆಯಲ್ಲಿ ಉಳಿದೆವು.

ಪರೀಕ್ಷೆ ನೋಡಲು ಬಹಳ ಸರಳ. ಹಣೆಗೂ ಎರಡು ಕಿವಿಗಳ ಹಿಂಬದಿಗೂ ಚರ್ಮವನ್ನು ಉಜ್ಜಿ, ಅಂಟಿನಂಥ ಲೇಪ ಹಚ್ಚಿ, ಪುಟ್ಟ ಲೋಹದ ಬಿಲ್ಲೆಗಳನ್ನು ಅಂಟಿಸುತ್ತಾರೆ. ಕಿವಿಯೊಳಗೆ ಟಕ್ ಟಕ್ ಎಂಬ ಸದ್ದನ್ನು ಬಿಡುತ್ತಾರೆ. ಸದ್ದು ಒಳಗಿವಿಯ ಶಂಖವನ್ನು ಮುಟ್ಟಿ ವಿದ್ಯುತ್ ಸ್ಪಂದನವಾಗಿ ಹೊರಟು ಮೇಲೇರುವಾಗ ಒಂದೊಂದು ತಂಗುದಾಣದಲ್ಲೂ ಒಂದೊಂದು ಸಣ್ಣ ಅಲೆ ಏಳುತ್ತದೆ. ಅಮೆರಿಕದ ಜ್ಯುವೆಟ್ ಮತ್ತು ವಿಲಿಸ್ಟನ್ 1971ರಲ್ಲಿ ಈ ಅಲೆಗಳನ್ನು ವಿವರಿಸಿ ರೋಮನ್ ಅಂಕಿಗಳ ಹೆಸರಿಟ್ಟರು. ನಮಗೆ ಅದು ನಮ್ಮ ರೈಲುಹಾದಿಯಂತೆಯೇ ಕಂಡಿತು. ವಿಕಾರಾಬಾದು ಬಿಟ್ಟ ಗಾಡಿ ಧಾರೂರು, ರುಕ್ಮಾಪುರ, ತಾಂಡೂರು, ಸೇಡಂ ಹಾಯ್ದು ವಾಡಿ ಸೇರುವ ಹಾಗೆ, ಮೊದಲನೆಯ ಅಲೆ ಶ್ರವಣ ನರದಲ್ಲಿ, ಸುಮಾರು ಒಂದೂವರೆ ಮಿಲಿಸೆಕೆಂಡಿಗೆ. ಮೂರನೆಯದು ಮಿದುಳುಕಾಂಡದ ಕೆಳಭಾಗದಲ್ಲಿ. ಐದನೆಯದು ಅದರ ಮೇಲ್ಭಾಗದಲ್ಲಿ, ದೊಡ್ಡವರಲ್ಲಿ ಆರು ಮಿಲಿಸೆಕೆಂಡಿನ ಒಳಗೆ ಹೊರಗೆ. ಸದ್ದನ್ನು ಇಳಿಸುತ್ತ ಹೋದಂತೆ ಉಳಿದ ಅಲೆಗಳು ಮಾಯವಾದರೂ ಐದನೆಯದು ಕಡೆಯವರೆಗೆ ನಿಲ್ಲುತ್ತದೆ. ಅದು ಯಾವ ಮಟ್ಟದ ಸದ್ದಿನವರೆಗೆ ಕಾಣುತ್ತದೆ ಎಂಬುದರ ಮೇಲೆ ಮಗುವಿನ ಕೇಳುವ ಶಕ್ತಿಯನ್ನು ಅಂದಾಜಿಸುತ್ತಾರೆ.

ಈ ಅಲೆಗಳ ಎತ್ತರ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಮಿದುಳಿನ ಉಳಿದ ಗದ್ದಲದಲ್ಲಿ ಒಂದು ಸಲ ಅಳೆದರೆ ಏನೂ ಕಾಣದು. ಪ್ರತಿ ನವೆಂಬರಿನಲ್ಲಿ ನಮ್ಮೂರಿನಲ್ಲಿ ಮೆಥಡಿಸ್ಟ್ ಕ್ರೈಸ್ತರ ದೊಡ್ಡ ಜಾತ್ರೆ ನಡೆಯುತ್ತದೆ. ಆ ಜನಸಾಗರದಲ್ಲಿ ಒಬ್ಬ ಹುಡುಗ ಮೆಲ್ಲಗೆ ಕೂಗಿದರೆ ಕೇಳುವುದಿಲ್ಲ. ಆದರೆ ಗಂಟೆ ಬಾರಿಸಿದ ಸರಿಯಾಗಿ ಅಷ್ಟೇ ಹೊತ್ತಿಗೆ ಅವನು ಎರಡು ಸಾವಿರ ಸಲ ಅದೇ ಕೂಗನ್ನು ಕೂಗಿ, ಆ ಎರಡು ಸಾವಿರ ಧ್ವನಿಮುದ್ರಣಗಳನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆದರೆ, ಅತ್ತಿತ್ತಲಾಗುವ ಜಾತ್ರೆಯ ಗದ್ದಲ ತನ್ನನ್ನು ತಾನೇ ಅಳಿಸಿಕೊಂಡು ಸುಮಾರು ನಲವತ್ತೈದು ಪಟ್ಟು ತಗ್ಗುತ್ತದೆ. ಹುಡುಗನ ಕೂಗು ಉಳಿಯುತ್ತದೆ. ಪರೀಕ್ಷೆಯ ಯಂತ್ರ ಮಾಡುವುದು ಇಷ್ಟೇ.

ನಮ್ಮ ಕೂಸಿನ ಕಾಗದದಲ್ಲಿ ಯಾವ ಕೂಗೂ ಉಳಿಯಲಿಲ್ಲ. 90 ಡೆಸಿಬಲ್ಲಿನಲ್ಲೂ ಎರಡೂ ಕಿವಿಗಳ ಗೆರೆ ಹೊಲದ ಬದುವಿನಂತೆ ಚಪ್ಪಟೆಯಾಗಿತ್ತು. ಪರೀಕ್ಷೆ ಮಾಡಿದ ಹುಡುಗಿ, ನಮ್ಮ ಮಗಳ ವಯಸ್ಸಿನವಳು, ಬಹಳ ಮೃದುವಾಗಿ ತೆಲುಗಿನಲ್ಲಿ ವಿವರಿಸಿದಳು. ಬಳಿಕ ಕೇಳಿದಳು: ತಂದೆತಾಯಿಗಳು ರಕ್ತಸಂಬಂಧಿಗಳೇ?

ಹೌದು. ಸೊಸೆ ನಮ್ಮಲ್ಲೊಬ್ಬರ ತಂಗಿಯ ಮಗಳು. ಕೇಳಿದ ಹೆಣ್ಣು, ನೋಡಿದ ಮನೆ, ಹೊಲ ಹೊರಗೆ ಹೋಗದು, ಎಂದು ಸಂಬಂಧ ಕೂಡಿಸಿದವರು ನಾವೇ. ಮಗ ಆಗ ಬೇಡವೆಂದಿದ್ದ, ಗಟ್ಟಿಯಾಗಿ ಅಲ್ಲ. ಹುಟ್ಟುಕಿವುಡಿಗೆ ಕಾರಣವಾಗುವ ಜೀನುಗಳಲ್ಲಿ ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಕನೆಕ್ಸಿನ್ 26 ಎಂಬ ಪ್ರೋಟೀನಿನದು. ತಂದೆಯಿಂದೊಂದು, ತಾಯಿಯಿಂದೊಂದು ಕೆಟ್ಟ ಪ್ರತಿ ಬಂದಾಗ ಮಾತ್ರ ಮಗು ಕಿವುಡಾಗುತ್ತದೆ. ಒಂದೇ ಮನೆತನದವರಾದರೆ ಹಾಗೆ ಎರಡು ಕೂಡುವ ಸಂಭವ ಹೆಚ್ಚು. ನಮ್ಮ ಕೂಸಿನ ಜೀನುಗಳನ್ನು ಪರೀಕ್ಷಿಸಲಿಲ್ಲವಾದ್ದರಿಂದ ಇದೇ ಕಾರಣವೆಂದು ಹೇಳಲಾರೆವು. ಆದರೆ ಇಪ್ಪತ್ತಾರು ವರ್ಷ ಹತ್ತನೆಯ ತರಗತಿಗೆ ಮೆಂಡಲನ ಬಟಾಣಿಯ ಪಾಠ ಹೇಳಿದ ಮನೆಯಲ್ಲಿ ಇದು ನಡೆಯಿತು. ಆ ದಿನ ರೈಲಿನಲ್ಲಿ ಮಗನಾಗಲಿ ಸೊಸೆಯಾಗಲಿ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಮುಂದಿನ ಓಡಾಟವನ್ನು ವಿವರವಾಗಿ ಬರೆಯುವುದಿಲ್ಲ. ಮೊದಲು ಶ್ರವಣ ಸಾಧನ, ಅದರಿಂದ ಪ್ರಯೋಜನವಿಲ್ಲವೆಂದಾದ ಮೇಲೆ ಕಾಕ್ಲಿಯರ್ ಇಂಪ್ಲಾಂಟ್, ಸರ್ಕಾರದ ಯೋಜನೆಯ ನೆರವು, ಅದಕ್ಕೆ ಬೇಕಾದ ಕಾಗದಗಳು. ಕಾಗದಗಳು ತಿರುಗುತ್ತಿರುವಾಗಲೇ 2016ರ ಅಕ್ಟೋಬರಿನಲ್ಲಿ ರಂಗಾರೆಡ್ಡಿ ಜಿಲ್ಲೆ ಒಡೆದು ನಾವು ವಿಕಾರಾಬಾದು ಜಿಲ್ಲೆಯವರಾದೆವು. ಜಿಲ್ಲೆಯ ಹೆಸರು ತಿದ್ದಿಸಲು ಇನ್ನೆರಡು ವಾರ ಹಿಡಿಯಿತು. ಗಡಿಗಳು ಬದಲಾದಾಗ ಸಾಮಾನ್ಯರಿಗೆ ತಗಲುವುದು ಇಂಥದೇ. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಕಿವಿಯ ಹಿಂದೆ ಚರ್ಮದಡಿಯಲ್ಲಿ ಒಂದು ಯಂತ್ರ, ಅದರಿಂದ ಶಂಖದೊಳಕ್ಕೆ ಹೋದ ಎಳೆ. ಸಹಜ ಕಿವಿಯಲ್ಲಿ ಸುಮಾರು 3,500 ಒಳಸಾಲಿನ ರೋಮಕೋಶಗಳು ಮಾಡುವ ಕೆಲಸವನ್ನು ಇಲ್ಲಿ 12ರಿಂದ 22 ವಿದ್ಯುದ್ವಾರಗಳು ಮಾಡಬೇಕು. ಶಂಖವನ್ನು ದಾಟಿ ನೇರವಾಗಿ ನರವನ್ನೇ ಮುಟ್ಟುವುದರಿಂದ ಇಂಥ ಕಿವಿಯಲ್ಲಿ ಐದನೆಯ ಅಲೆ ಸುಮಾರು ನಾಲ್ಕು ಮಿಲಿಸೆಕೆಂಡಿಗೇ ಬರುತ್ತದೆಂದು ತಿಳಿದಾಗ ವಿಚಿತ್ರ ಸಂತೋಷವಾಯಿತು. ನಡುವಿನ ಊರೊಂದರಲ್ಲಿ ನಿಲ್ಲದೆ ಬರುವ ಗಾಡಿ!

ನಿಜವಾದ ತೊಡಕು ಬಂದದ್ದು ಆಮೇಲೆ. ಯಂತ್ರ ಹಚ್ಚಿದೊಡನೆ ಮಗು ಮಾತು ಕೇಳುವುದಿಲ್ಲ. ಅದಕ್ಕೆ ಕೇಳಿಸುವುದು ಸದ್ದು ಮಾತ್ರ. ಸದ್ದಿನಿಂದ ಮಾತನ್ನು ಹೆಕ್ಕಲು ವರ್ಷಗಟ್ಟಲೆ ಅಭ್ಯಾಸ ಬೇಕು. ಅಭ್ಯಾಸ ಮಾಡಿಸುವವರು ಮೊದಲ ದಿನವೇ ಹೇಳಿದರು: ಈ ಮಗುವಿಗೆ ಒಂದೇ ಭಾಷೆ, ಅದು ತೆಲುಗು, ಮನೆಯಲ್ಲಿ ಕನ್ನಡ ನಿಲ್ಲಿಸಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಅಲ್ಲಿ ಕನ್ನಡದಲ್ಲಿಯೇ ಪರೀಕ್ಷೆಯ ಪದಪಟ್ಟಿಗಳನ್ನು ಸಿದ್ಧಪಡಿಸಿದ್ದಾರೆ, ತಾಯಂದಿರನ್ನು ಕೂರಿಸಿಕೊಂಡು ಮಕ್ಕಳಿಗೆ ಕಲಿಸುತ್ತಾರೆ. ಆದರೆ ಧಾರೂರಿನಿಂದ ಮೈಸೂರಿಗೆ ವಾರಕ್ಕೆರಡು ಸಲ ಹೋಗುವವರು ಯಾರು? ಹತ್ತಿರದ್ದು ಹೈದರಾಬಾದೇ. ಸಿಕಂದರಾಬಾದಿನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇದೆ. 1983ರಲ್ಲಿ ಮುಂಬೈಯಲ್ಲಿ ಆರಂಭವಾದ ಆ ಸಂಸ್ಥೆಗೆ ಹೆಸರು ಕೊಟ್ಟವರು ಹೈದರಾಬಾದಿನವರೇ, ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು, ಎಂಬುದನ್ನು ಹೊಸ ತಲೆಮಾರು ಮರೆತಿದೆ. ಇರಲಿ. ಮಗು ಕಲಿಯಬೇಕಾದ ಶಾಲೆ ತೆಲುಗಿನದು, ಅಭ್ಯಾಸ ತೆಲುಗಿನದು. ನಾವು ಒಪ್ಪಿದೆವು.

ಒಪ್ಪುವುದು ನಮಗೆ ಸುಲಭ, ಆಯಿಗೆ ಕಷ್ಟ. "ನನಗ ತೆಲಗು ಬರಂಗಿಲ್ಲ. ಹಂಗಾದ್ರ ಕೂಸಿನ ಮುಂದ ನಾ ಬಾಯಿ ಮುಚ್ಚಿಕೊಂಡು ಕೂಡ್ಲೇನ್ರಿ?" ಎಂದು ಕೇಳಿದರು. ಸ್ವಲ್ಪ ದಿನ, ಎಂದೆವು. ಎಂಬತ್ತು ವರ್ಷದವರಿಗೆ ಸ್ವಲ್ಪ ದಿನ ಎನ್ನುವುದರ ಅರ್ಥವನ್ನು ನಾವು ಆಗ ಯೋಚಿಸಲಿಲ್ಲ. ಹದಿನಾಲ್ಕು ತಿಂಗಳು ಮನೆಯಲ್ಲಿ ಕೂಸಿನ ಎದುರು ಕನ್ನಡ ಇರಲಿಲ್ಲ. ನಾವು ಒಬ್ಬರೊಂದಿಗೊಬ್ಬರು ಕನ್ನಡವಾಡಲು ಅಡುಗೆಮನೆಗೆ ಹೋಗಬೇಕಾಯಿತು. ರಜಾಕಾರರ ಕಾಲದಲ್ಲಿಯೂ ಮನೆಯೊಳಗೆ ಹೀಗೆ ಮಾತಾಡಿರಲಿಲ್ಲ ಎಂದು ಆಯಿ ಒಮ್ಮೆ ಅಂದರು.

ಕೂಸು ತೆಲುಗಿನಲ್ಲಿ ಅಮ್ಮ ಅಂದಿತು, ನೀಳ್ಳು ಅಂದಿತು, ರಾ ಅಂದಿತು. ಒಂದು ಸಂಜೆ ಶಾಲೆಯಿಂದ ಬಂದಾಗ ಆಯಿ ಅದಕ್ಕೆ ಜೋಳದ ನುಚ್ಚು ತಿನ್ನಿಸುತ್ತಿದ್ದರು. ಕೂಸು ಅವರ ಕೈ ದೂಡಿ ಸ್ಪಷ್ಟವಾಗಿ "ಬ್ಯಾಡ" ಎಂದಿತು. ನಾವು ಬಾಗಿಲಲ್ಲೇ ನಿಂತೆವು. ತೆಲುಗಿನ 'ವದ್ದು' ಎಂಬುದನ್ನು ಎರಡು ತಿಂಗಳಿಂದ ಕಲಿಸುತ್ತಿದ್ದರು, ಅದು ಇನ್ನೂ ನಾಲಗೆಗೆ ಹತ್ತಿರಲಿಲ್ಲ. ಆಯಿ ನಮ್ಮತ್ತ ನೋಡಲಿಲ್ಲ. ಇನ್ನೊಂದು ತುತ್ತು ಎತ್ತಿ, "ಬ್ಯಾಡಂದ್ರ ಹೆಂಗವ್ವಾ, ಉಣ್ಣು" ಎಂದರು. ನಾವಿಲ್ಲದ ಮಧ್ಯಾಹ್ನಗಳಲ್ಲಿ ಹದಿನಾಲ್ಕು ತಿಂಗಳೂ ಅವರು ಮಾತಾಡುತ್ತಲೇ ಇದ್ದರೆಂದು ಆಗ ತಿಳಿಯಿತು.

ಅಭ್ಯಾಸ ಮಾಡಿಸುವವರಿಗೆ ಹೆದರಿಕೆಯಿಂದಲೇ ಹೇಳಿದೆವು. ಆ ವೇಳೆಗೆ ಬೇರೊಬ್ಬರು ಬಂದಿದ್ದರು. ಅವರು, ಆಯಿ ತಮ್ಮ ಭಾಷೆಯಲ್ಲೇ ಆಡಲಿ, ಮಗುವಿಗೆ ಬೇಕಾದದ್ದು ದಿನವಿಡೀ ಮನಸಾರೆ ಆಡುವ ಮಾತು, ಎಂದರು. ಹಾಗಾದರೆ ಮೊದಲಿನವರ ಮಾತು? ಆಗಿನ ತಿಳಿವಳಿಕೆ ಹಾಗಿತ್ತು, ಎಂದರು. ಅಷ್ಟೇ.

ನಿವೃತ್ತಿಯ ನಂತರ ನಮ್ಮಲ್ಲಿ ವಿಜ್ಞಾನದವರು ಈ ವಿಷಯದಲ್ಲಿ ಸಿಕ್ಕಿದ್ದೆಲ್ಲ ಓದತೊಡಗಿದರು, ತೆಲುಗಿನವರು ಕೇಳಿಸಿಕೊಂಡರು. ಮಿದುಳುಕಾಂಡವೆಂದರೆ ತಂತಿಯಂತೆ ಸದ್ದನ್ನು ಮೇಲಕ್ಕೆ ಸಾಗಿಸುವ ಹಾದಿ ಮಾತ್ರವೆಂದು ಬಹುಕಾಲ ತಿಳಿದಿದ್ದರು. ಪರ್ಡ್ಯೂ ವಿಶ್ವವಿದ್ಯಾಲಯದ ಅನಂತನಾರಾಯಣ ಕೃಷ್ಣನ್ ಮತ್ತು ಸಂಗಡಿಗರು 2005ರಲ್ಲಿ, ಚೀನೀ ಮಾತಾಡುವವರ ಮಿದುಳುಕಾಂಡ ಆ ಭಾಷೆಯ ಏರಿಳಿತಗಳನ್ನು ಇಂಗ್ಲಿಷಿನವರ ಮಿದುಳುಕಾಂಡಕ್ಕಿಂತ ನಿಷ್ಠೆಯಿಂದ ಅನುಸರಿಸುತ್ತದೆಂದು ತೋರಿಸಿದರು. ತಾಯ್ನುಡಿ ಅಷ್ಟು ಆಳಕ್ಕೆ ಇಳಿದಿರುತ್ತದೆ. 2012ರಲ್ಲಿ ಅಮೆರಿಕದ ನೀನಾ ಕ್ರಾಸ್ ಅವರ ಪ್ರಯೋಗಾಲಯದವರು, ಎರಡು ಭಾಷೆಗಳಲ್ಲಿ ಬೆಳೆದ ಹದಿಹರೆಯದವರಿಗೆ 'ದಾ' ಎಂಬ ಅಕ್ಷರವನ್ನು ಕೇಳಿಸಿ ಅಳೆದಾಗ, ಒಂದೇ ಭಾಷೆಯವರಿಗಿಂತ ಅವರ ಉತ್ತರ, ಅದರಲ್ಲೂ ಗದ್ದಲದ ನಡುವೆ, ಬಲವಾಗಿತ್ತು. ಇವರೆಲ್ಲ ಸಹಜ ಕಿವಿಯವರು. ನಮ್ಮ ಕೂಸಿಗೆ ಇದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ಗಡಿಯವರಾದ ನಮಗೆ ಓದಲು ಹಿತವಾಗಿತ್ತೆಂದು ಒಪ್ಪಿಕೊಳ್ಳುತ್ತೇವೆ.

ವಿದ್ಯುತ್ ಹರಿದಲ್ಲಿ ಕಾಂತಕ್ಷೇತ್ರವಿರುತ್ತದೆ. ಇದು 1820ರ ಅರ್ಸ್ಟೆಡನ ಪಾಠ. ಮಿದುಳಿನದೂ ಹಾಗೆಯೇ. 1968ರಲ್ಲಿ ಡೇವಿಡ್ ಕೊಹೆನ್ ಅದನ್ನು ಮೊದಲ ಬಾರಿಗೆ ಅಳೆದರು. ಈಗ ಅದಕ್ಕೆ ಮೆಗ್ ಎಂಬ ಯಂತ್ರವಿದೆ. ಶೂನ್ಯಕ್ಕಿಂತ 269 ಡಿಗ್ರಿ ಕೆಳಗಿನ ದ್ರವ ಹೀಲಿಯಮ್ಮಿನಲ್ಲಿ ಮುಳುಗಿಸಿದ ಸೂಕ್ಷ್ಮ ಸಂವೇದಕಗಳು, ಸುತ್ತ ಲೋಹದ ಗೋಡೆಯ ಕೋಣೆ. ಭೂಮಿಯ ಕಾಂತಕ್ಷೇತ್ರದ ನಲವತ್ತು ಕೋಟಿಯಲ್ಲೊಂದು ಪಾಲಿನಷ್ಟನ್ನು ಅದು ಹಿಡಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಪಸ್ಮಾರದ ಮೂಲ ಹುಡುಕಲು ಇದನ್ನು ಬಳಸುತ್ತಾರೆ. ಕಲ್ಪಾಕ್ಕಂನ ವಿಜ್ಞಾನಿಗಳು ತಾವೇ ಒಂದನ್ನು ಕಟ್ಟಿದ್ದಾರೆ. ತಲೆಬುರುಡೆ ವಿದ್ಯುತ್ತನ್ನು ಹರಡಿ ಮಸುಕು ಮಾಡುತ್ತದೆ, ಕಾಂತಕ್ಷೇತ್ರವನ್ನು ತಡೆಯುವುದಿಲ್ಲ; ಆದ್ದರಿಂದ ಉತ್ತರ ಎಲ್ಲಿಂದ ಬಂತೆಂದು ಮೆಗ್ ಹೆಚ್ಚು ಖಚಿತವಾಗಿ ಹೇಳಬಲ್ಲದು. ಆದರೆ ಮಿದುಳುಕಾಂಡವಿರುವುದು ತಲೆಯ ನಟ್ಟನಡುವೆ. ಗೋಳವೊಂದರ ಕೇಂದ್ರದಲ್ಲಿ ಹರಿಯುವ ವಿದ್ಯುತ್ತು ಹೊರಗೆ ಕಾಂತಕ್ಷೇತ್ರವನ್ನೇ ತೋರಿಸದು; ತಲೆಯೂ ಹೆಚ್ಚುಕಡಿಮೆ ಗೋಳವೇ. ಹೀಗಾಗಿ ಅಲ್ಲಿಂದ ಹೊರಬರುವುದು ಅತಿ ಕ್ಷೀಣ. ಜರ್ಮನಿಯ ಮುನ್ಸ್ಟರಿನವರು 2000ದಲ್ಲಿ, ಫಿನ್ಲೆಂಡಿನ ಪಾರ್ಕೊನೆನ್ ಮತ್ತು ಸಂಗಡಿಗರು 2009ರಲ್ಲಿ, ಸಾವಿರಾರು ಸಲ ಟಕ್ ಎನ್ನಿಸಿ, ಸರಾಸರಿ ತೆಗೆದು, ಆ ಕ್ಷೀಣ ಉತ್ತರವನ್ನು ಹಿಡಿದರು. 2016ರಲ್ಲಿ ಮಾಂಟ್ರಿಯಲಿನ ಎಮಿಲಿ ಕಾಫಿ, ರಾಬರ್ಟ್ ಜಟೋರೆ ಮತ್ತಿತರರು ಮೆಗ್‌ನಿಂದಲೇ ಇನ್ನೊಂದು ಸಂಗತಿ ಕಂಡರು: ಮಿದುಳುಕಾಂಡದ್ದೆಂದೇ ಎಲ್ಲರೂ ನಂಬಿದ್ದ ಆ 'ದಾ'ದ ಉತ್ತರದಲ್ಲಿ ಮೇಲಿನ ಮಿದುಳಿನ ತೊಗಟೆಯ ಪಾಲೂ ಇದೆ, ಅದೂ ಬಲಭಾಗದ್ದು. ಕೃಷ್ಣನ್, ಕ್ರಾಸ್ ಅವರ ಫಲಿತಾಂಶಗಳನ್ನು ಕೂಡ ಇನ್ನು ಮೇಲೆ ಸ್ವಲ್ಪ ಎಚ್ಚರದಿಂದ ಓದಬೇಕಾಯಿತು. ಹಿತವಾದದ್ದನ್ನು ಓದಿದ ಮೇಲೆ ಇದನ್ನೂ ಓದಬೇಕಾದದ್ದು ನ್ಯಾಯ.

ನಮ್ಮ ಮೊಮ್ಮಗಳು ಆ ಯಂತ್ರದಲ್ಲಿ ಸಾಮಾನ್ಯವಾಗಿ ಕೂರಲಾರಳು. ಹೊರಗಿನ ಸಾಧನ ಕಚ್ಚಿಕೊಂಡು ನಿಲ್ಲಲೆಂದು ಅವಳ ಕಿವಿಯ ಹಿಂದೆ ಚರ್ಮದಡಿ ಪುಟ್ಟ ಅಯಸ್ಕಾಂತವಿದೆ. ಅದರ ಎದುರು ಮಿದುಳಿನ ಪಿಸುಮಾತು ಕೇಳಿಸುವುದೇ ಇಲ್ಲ. ಅವಳೊಳಗೆ ತೆಲುಗು ಎಲ್ಲಿದೆ, ಕನ್ನಡ ಎಲ್ಲಿದೆ ಎಂದು ಅಳೆದು ನೋಡುವ ನಮ್ಮ ಆಸೆ ಅಲ್ಲಿಗೆ ನಿಂತಿತು. ಅವಳಿಗೆ ಆ ಅಯಸ್ಕಾಂತ ಆಟದ ವಸ್ತು. ಸೇಫ್ಟಿ ಪಿನ್ನನ್ನು ತಲೆಗೆ ಅಂಟಿಸಿಕೊಂಡು ತರಗತಿಯ ಮಕ್ಕಳನ್ನು ಹೆದರಿಸುತ್ತಾಳಂತೆ.

ಆಯಿ 2021ರಲ್ಲಿ ತೀರಿಕೊಂಡರು. ಅವರ ತಗಡಿನ ಪೆಟ್ಟಿಗೆಯನ್ನು ತೆರೆದಾಗ ಉರ್ದುವಿನ ಹೊಲದ ಕಾಗದಗಳ ಕೆಳಗೆ ಆ ಬೇರಾ ಪರೀಕ್ಷೆಯ ವರದಿ ನಾಲ್ಕಾಗಿ ಮಡಿಸಿ ಇಟ್ಟಿತ್ತು. ಕಳೆದುಹೋಯಿತೆಂದು ನಾವು ಎಷ್ಟೋ ಹುಡುಕಿದ್ದೆವು. ಮೊಮ್ಮಗಳು ಅದನ್ನು ಬಿಡಿಸಿ, ಆ ಚಪ್ಪಟೆ ಗೆರೆಗಳನ್ನು ಬೆರಳಿನಿಂದ ಸವರಿ, ಇದೇನೆಂದು ಕೇಳಿದಳು. ನಿನ್ನ ಕಿವಿಯದು, ಎಂದೆವು. "ಏನೂ ಬರದಿಲ್ಲಲ್ಲಾ ಮುತ್ಯಾ," ಎಂದು ಅವಳು ಕಾಗದವನ್ನು ತಿರುವಿ ಹಿಂಬದಿಯನ್ನೂ ನೋಡಿದಳು.